ನಂದಿಸಿದ ಗ್ಯಾಲಕ್ಸಿಗಳು

ಮೆಲ್ಬರ್ನಿನ ಆ ಖಗೋಳ ಸಂಸ್ಥೆಯಲ್ಲಿ ಬೆಳಗಿನ ಚಹಾ ತಪ್ಪಿಸುವವರೇ ಇಲ್ಲ. ಅವತ್ತಂತೂ ತಟ್ಟೆ ತುಂಬ ಕೊಬ್ಬರಿ ಉದುರಿಸಿದ ಲ್ಯಾಮಿಂಗ್ಟನ್ ಕೇಕು. ಹೊಸ ದೂರದರ್ಶಕ ವಿಶ್ವದ ಎಳವೆಯಲ್ಲೇ ಹೊಳೆಯುತ್ತಿದ್ದ ಗ್ಯಾಲಕ್ಸಿಗಳ ಹಿಂಡನ್ನು ಕಂಡುಹಿಡಿದಿತ್ತು. ಅಷ್ಟೊಂದು ಇರಬಹುದೆಂದು ಯಾರೂ ಎಣಿಸಿರಲಿಲ್ಲ, ಡೆಸ್ಪಿನಾ ಕಲೂಡಿಸ್ ಒಬ್ಬಳನ್ನು ಬಿಟ್ಟು.

ನಾಲ್ಕು ವರ್ಷದ ಹಿಂದೆ ಅವಳು ಕಂಪ್ಯೂಟರಿನೊಳಗೆ ಒಂದು ವಿಶ್ವವನ್ನು ಬೆಳೆಸಿದ್ದಳು. ಅದರಲ್ಲಿ ಗ್ಯಾಲಕ್ಸಿಗಳು ಬಲು ಬೇಗ, ಬಲು ಹೆಚ್ಚು ಹುಟ್ಟಿಬಿಟ್ಟವು. ಅವಳ ಪ್ರೊಫೆಸರ್ ಗಾರ್ಡನ್ ಟ್ರಿಲೋರ್ ಪರದೆ ನೋಡಿ ನಕ್ಕುಬಿಟ್ಟಿದ್ದ.

"ಇದೇನಮ್ಮ, ಕ್ರಿಸ್‌ಮಸ್ ದೀಪಾನಾ? ಆಕಾಶದಲ್ಲಿ ಇಷ್ಟಿಲ್ಲ. ನಕ್ಷತ್ರ ಸಿಡಿಯೋ ಬಲ ಹೆಚ್ಚು ಮಾಡು, ಅನಿಲ ಎಲ್ಲ ಹಾರಿಹೋಗ್ಲಿ. ಹಳೇದನ್ನ ಅಳಿಸಿಬಿಡು, ಡಿಸ್ಕಲ್ಲಿ ಜಾಗ ಇಲ್ಲ."

ಅವಳು ಹೆಚ್ಚು ಮಾಡಿದಳು, ಹಳೆಯದನ್ನು ಅಳಿಸಿದಳು. ಅನಿಲವೇ ಹಾರಿಹೋದರೆ ಹೊಸ ನಕ್ಷತ್ರ ಹುಟ್ಟುವುದಾದರೂ ಎಲ್ಲಿಂದ? ಗ್ಯಾಲಕ್ಸಿಗಳು ನಂದಿದವು, ಲೆಕ್ಕ ಅಂದಿನವರಿಗೆ ಗೊತ್ತಿದ್ದ ಆಕಾಶಕ್ಕೆ ಸರಿಹೊಂದಿತು, ಪ್ರಬಂಧ ಅಚ್ಚಾಯಿತು. ಆ ಬಲದ ಅಳತೆಗೆ ಅವಳ ಹೆಸರನ್ನೇ ಇಟ್ಟರು. ಆಗ ಬೀಗಿದ್ದಳು, ಪಾಪ! ಈಗ ತಪ್ಪು ಯಾರದೆಂದು ಕೇಳಿದರೆ ಎಲ್ಲರೂ ಅದೇ ಹೆಸರು ಹೇಳಿ ನಗುತ್ತಿದ್ದರು.

ಅವಳ ಕೆಲಸದ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ದೂರದರ್ಶಕದ ಈ ಶೋಧದ ಮೇಲಿನ ಹೊಸ ಯೋಜನೆಗೆ ಮುಂದಾಳು ಯಾರೆಂದು ಅವತ್ತಿನ ಚಹಾ ಕೂಟದಲ್ಲೇ ತೀರ್ಮಾನ. ಈ ಗ್ಯಾಲಕ್ಸಿಗಳನ್ನು ಮೊದಲು ಕಂಡವಳು ತಾನೆಂದು ತೋರಿಸಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮನೆ ದಾರಿ. ಅದಕ್ಕೇ ಅವಳು ಹಳೆಯ ಲೆಕ್ಕವನ್ನು ಮತ್ತೆ ಓಡಿಸಿದ್ದಳು. ಆರಂಭದ ಅಂಕಿ ಅದೇ, ಬಲ ಹೆಚ್ಚಿಸುವ ಮೊದಲಿದ್ದದ್ದೇ. ಯಂತ್ರ ಅಳಿಸಿದ್ದ ವಿಶ್ವವನ್ನೇ ಚುಕ್ಕಿ ತಪ್ಪದಂತೆ ವಾಪಸು ಕೊಟ್ಟಿತು. ಅದನ್ನು ಗೋಡೆಯ ಮೇಲೆ ಮೂಡಿಸಿ ಪಕ್ಕಕ್ಕೆ ಸರಿದು ನಿಂತಳು.

"ಚೆನ್ನಾಗಿದೆ," ಎಂದ ಟ್ರಿಲೋರ್, ಬೆರಳಿಗಂಟಿದ ಕೊಬ್ಬರಿ ನೆಕ್ಕುತ್ತ. "ಆದ್ರೆ ನೋಡಮ್ಮ, ದೂರದರ್ಶಕ ಉತ್ತರ ಹೇಳಿ ಆಯ್ತಲ್ಲ. ಈಗ ಬಲ ತಗ್ಗಿಸಿ ಯಾರು ಬೇಕಾದ್ರೂ ಇದನ್ನ ಮಾಡಬಹುದು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ."

ಎಲ್ಲರೂ ನಕ್ಕರು. ಡೆಸ್ಪಿನಾ ಗೋಡೆಯತ್ತ ಕೈ ತೋರಿಸಿದಳು.

"ಗಾರ್ಡನ್, ಇದನ್ನ ನೀವು ನೋಡಿದ್ರಿ! ಅಳಿಸು ಅಂದೋರೇ ನೀವು!"

"ದಿನಾ ನೂರೆಂಟು ಚಿತ್ರ ನೋಡ್ತೀನಿ. ಯಾವುದನ್ನ ಅಂತ ನೆನಪಿಟ್ಕೊಳ್ಳಲಿ?"

ಆಹಾ, ಮರೆವು ಅಂದರೆ ಇದು! ಕೋಟ್ಯಂತರ ವರ್ಷದ ಹಿಂದಿನದನ್ನು ಲೆಕ್ಕಹಾಕುವವನಿಗೆ ನಾಲ್ಕು ವರ್ಷದ ಹಿಂದಿನದು ನೆನಪಿಲ್ಲವಂತೆ.

ಸಂಸ್ಥೆಯ ಮುಖ್ಯಸ್ಥೆ ಕಪ್ಪು ಕೆಳಗಿಟ್ಟಳು. "ಬೇರೆ ಯಾರಾದರೂ ಆಗ ನೋಡಿದ್ರಾ?"

ಡೆಸ್ಪಿನಾ ಯಾಸ್ನಾಳ ಕಡೆ ತಿರುಗಿದಳು. ಅವಳದು ಆಗಲೂ ಈಗಲೂ ಪಕ್ಕದ ಮೇಜು. ಅವತ್ತು ಕುರ್ಚಿ ಎಳೆದುಕೊಂಡು ಬಂದು, "ಅಯ್ಯೋ, ಎಷ್ಟು ಚೆಂದ ಇವೆಯೇ! ಅಳಿಸಬೇಡ ಕಣೇ," ಎಂದು ಕೈ ಹಿಡಿದಿದ್ದವಳು ಅವಳೇ.

"ನಾನು... ನನ್ನ ಕೆಲಸದಲ್ಲಿದ್ದೆ," ಎಂದಳು ಯಾಸ್ನಾ. "ಗಮನ ಕೊಟ್ಟಿರಲಿಲ್ಲ."

ಮುಖ್ಯಸ್ಥೆ ತಲೆಯಾಡಿಸಿದಳು. ಮುಂದಾಳುತನ ಟ್ರಿಲೋರನಿಗೇ ಹೋಯಿತು. ಒಪ್ಪಿಗೆಯ ಕೈಗಳ ನಡುವೆ ಯಾಸ್ನಾಳ ಕೈಯೂ ಮೇಲೆದ್ದಿತು.

ಡೆಸ್ಪಿನಾ ಚೀಲ ಹೆಗಲಿಗೇರಿಸಿ ಹೊರಬಿದ್ದಳು. ಕಾರು ನಿಲ್ಲಿಸುವಲ್ಲಿಗೆ ಯಾಸ್ನಾ ಏದುಸಿರು ಬಿಡುತ್ತ ಓಡಿಬಂದಳು.

"ಬೈಯೇ ನನ್ನ. ನಾಲ್ಕು ಬೈದುಬಿಡೇ. ನನ್ನ ಕರಾರೂ ಗಾರ್ಡನ್ ಕೈಯಲ್ಲೇ ಇದೆ ಕಣೇ, ಮನೇಲಿ ಮಗು ಬೇರೆ..."

ಬೈಗುಳ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬೈಯುವುದಾದರೆ ಮೊದಲು ಯಾರನ್ನು? ಕಣ್ಣಾರೆ ಕಂಡದ್ದನ್ನು ಆ ಮನುಷ್ಯನ ಒಂದು ಮಾತಿಗೆ ಕೈಯಾರೆ ಅಳಿಸಿದವಳು ತಾನೇ ಅಲ್ಲವೇ? ಡೆಸ್ಪಿನಾಗೆ ಅಳು ಬಂತು, ತಡೆದುಕೊಂಡಳು.

"ಒಳಗೆ ಹೋಗು ಯಾಸ್ನಾ. ನನ್ನ ಜೊತೆ ನಿಂತಿದ್ದು ಕಂಡ್ರೆ ನಿನ್ನ ಕೆಲಸಕ್ಕೂ ಕುತ್ತು."

ಅಷ್ಟು ಹೇಳಿದ್ದೇ ತಡ, ಯಾಸ್ನಾ ಮೇಲಿನ ಕಿಟಕಿಗಳನ್ನೊಮ್ಮೆ ನೋಡಿ ಬಿರಬಿರನೆ ಒಳಗೆ ಹೊರಟುಹೋದಳು.