ಗಾಳಿ, ಬಿಡಬೇಡ

"ಎಡಕ್ಕೆ, ಎಡಕ್ಕೆ! ಅಯ್ಯೋ, ನನ್ನ ಎಡ ಅಲ್ಲ ಕಣಯ್ಯ, ನಿನ್ನ ಎಡ!"

ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಕೆಳತುದಿ ಹಿಡಿದ ವೆಲ್ಡರ್ ಮೇಲೆ ನೋಡಿ ಕೂಗುತ್ತಿದ್ದ, ಮೇಲ್ತುದಿ ಹಿಡಿದ ಪೇಂಟರ್ ಕೆಳಗೆ ನೋಡಿ ಬೈಯುತ್ತಿದ್ದ. ಇಬ್ಬರೂ ಬೋಟುಗಳ ನಡುವೆಯೇ ಬೆಳೆದವರು, ಎಂತೆಂಥ ಇಕ್ಕಟ್ಟಿನಲ್ಲೋ ಬೋಟು ನುಗ್ಗಿಸಿದವರು. ಒಬ್ಬ ಮನುಷ್ಯನನ್ನು ಅವನ ಮನೆಯಿಂದ ಕೆಳಗಿನ ಅವನದೇ ಶೆಡ್ಡಿಗೆ ಇಳಿಸುವುದು ಮಾತ್ರ ಅವರ ಕೈಲಿ ಆಗುತ್ತಿರಲಿಲ್ಲ.

ಮೇಲೆ ಗೋಡೆ ಹಿಡಿದು ನಿಂತಿದ್ದ ಹೆಂಡತಿಗೆ ನಗು ಬಂತು. ಬಂದದ್ದಕ್ಕೆ ತಾನೇ ಗಾಬರಿಯಾದಳು. ಗಂಡ ಪೆಟ್ಟಿಗೆಯೊಳಗೆ ಮಲಗಿರುವಾಗ ನಗುವ ನಾನೆಂಥ ಹೆಂಗಸು ಎಂದುಕೊಳ್ಳುವಷ್ಟರಲ್ಲಿ ಅಳುವೂ ಬಂತು, ಅದೂ ಅರ್ಧಕ್ಕೇ ನಿಂತಿತು. ನಿನ್ನೆಯಿಂದ ಹೀಗೇ, ಯಾವುದೂ ಪೂರ್ತಿ ಬರುತ್ತಿರಲಿಲ್ಲ.

"ಅಣ್ಣ ಇದ್ದಿದ್ರೆ ಇಷ್ಟೊತ್ತಿಗೆ ಇಬ್ರಿಗೂ ಉಗಿದಿರೋನು," ಎಂದ ವೆಲ್ಡರ್.

"ಒಳಗೇ ಇದಾನಲ್ಲ, ಕೇಳ್ಕೋ," ಎಂದ ಪೇಂಟರ್.

ಒಂದು ತುದಿ ಎತ್ತಿ, ಇನ್ನೊಂದು ತಗ್ಗಿಸಿ, ಗೋಡೆಯ ಬಣ್ಣ ಒಂದಷ್ಟು ಕೆರೆದು, ಅಂತೂ ಪೆಟ್ಟಿಗೆ ಕೆಳಗಿಳಿಯಿತು. ಕೆಲಸದ ಬೆಂಚನ್ನು ತೊಳೆದು ಬಿಳಿ ಬಟ್ಟೆ ಹಾಸಿಟ್ಟಿದ್ದರು. ಅದರ ಮೇಲೆ ಅವನನ್ನು ಇರಿಸಿದರು. ಎಷ್ಟು ತೊಳೆದರೇನು, ಶೆಡ್ಡಿನ ತುಂಬ ಆಯಿಲ್ ವಾಸನೆ ಇದ್ದೇ ಇತ್ತು. ಇಂದು ಅದನ್ನು ಯಾರೂ ಬೈಯಲಿಲ್ಲ.

ಊರಿಗೆಲ್ಲ ಅವನು ಸ್ಟೇರಿಂಗಣ್ಣ. ಓಟದ ಬೋಟುಗಳ ಸ್ಟೇರಿಂಗ್ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಿದವನಲ್ಲ. ಬೋಟಿನ ಮುಂದೆ ಚಕ್ರ ತಿರುಗಿಸಿದರೆ ಪೈಪಿನೊಳಗಿನ ಆಯಿಲ್ ಒತ್ತಿಕೊಂಡು ಹೋಗಿ ಹಿಂದಿನ ಎಂಜಿನ್‌ಗಳನ್ನು ಹೊರಳಿಸಬೇಕು. ಪೈಪಿನಲ್ಲಿ ಆಯಿಲ್ ಮಾತ್ರ ಇರಬೇಕು. ಒಳಗೆ ಗಾಳಿ ಸೇರಿತೋ, ಚಕ್ರ ತಿರುಗುತ್ತದೆ, ಬೋಟು ತಿರುಗುವುದಿಲ್ಲ. ಆ ವೇಗದಲ್ಲಿ ಬೋಟು ತಿರುಗದಿದ್ದರೆ ಮುಂದಿನದನ್ನು ಯಾರೂ ಹೇಳಬೇಕಾಗಿಲ್ಲ.

ಬಂದವರೆಲ್ಲ ಹೆಂಡತಿಯ ಕೈ ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಕೊನೇಲಿ ಏನಾದ್ರೂ ಮಾತಾಡಿದ್ರಾ?"

"'ಗಾಳಿ' ಅಂದ್ರು," ಎನ್ನುತ್ತಿದ್ದಳು. "ಆಮೇಲೆ ನನ್ನ ಕೈ ಹಿಡ್ಕೊಂಡು 'ಬಿಡಬೇಡ' ಅಂದ್ರು."

ಕೇಳಿದವರ ಕಣ್ಣು ತುಂಬುತ್ತಿತ್ತು. ಪಕ್ಕದಲ್ಲೇ ಕೂತ ನಾದಿನಿಗೆ ಮಾತ್ರ ಅದು ಅಷ್ಟು ಹಿಡಿಸಿದಂತಿರಲಿಲ್ಲ. "ನಮ್ಮಣ್ಣನ ಬಾಯಲ್ಲಿ ಅಂಥ ಮಾತು!" ಎಂದು ಮೂರನೆಯ ಸಲವೋ ನಾಲ್ಕನೆಯ ಸಲವೋ ಹೇಳಿದಳು. ಹೊಗಳಿದ್ದೋ ಅನುಮಾನಿಸಿದ್ದೋ ಗೊತ್ತಾಗಲಿಲ್ಲ.

*

ಆಸ್ಪತ್ರೆಯಲ್ಲಿ ಅವನ ಮಂಚ ಕಿಟಕಿಯ ಪಕ್ಕದ್ದು. ಬಂದಾಗಿನಿಂದ ಕಣ್ಣು ತೆರೆದಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದಳು: ಬಚ್ಚಲಿನ ನಲ್ಲಿ ಸೋರ್ತಿದೆ, ಊರವರ ಬೋಟೆಲ್ಲ ರಿಪೇರಿ ಮಾಡ್ತೀರಿ, ಮನೆ ನಲ್ಲಿಗೆ ಕೈ ಹಾಕಲ್ಲ, ಏಳಿ ಮೊದಲು.

ಮರುದಿನ ಬೆಳಿಗ್ಗೆ ಅವನು ಕಣ್ಣು ಬಿಟ್ಟ. ಅವಳನ್ನಲ್ಲ, ಅವಳ ಆಚೆಗೆ ಎಲ್ಲೋ ನೋಡುತ್ತಿದ್ದ. "ಗಾಳಿ," ಎಂದ. ಚಳಿಯಾಗುತ್ತಿರಬೇಕೆಂದು ಅವಳು ಎದ್ದು ಕಿಟಕಿ ಮುಚ್ಚಿದಳು. ತಿರುಗಿ ಬಂದು ಕೈ ಮುಟ್ಟಿದಾಗ ಅವನು ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟು ಬಲ ಎಲ್ಲಿತ್ತೋ.

"ಬಿಡಬೇಡ."

"ಬಿಡಲ್ಲ ಕಣ್ರೀ, ಬಿಡ್ತೀನಾ?" ಎಂದಳು.

ಅಷ್ಟೇ. ಮಧ್ಯಾಹ್ನಕ್ಕೆ ಹೋದ. ಸಂಸಾರದುದ್ದಕ್ಕೂ ಸಾರು ಚೆನ್ನಾಗಿದೆ ಎಂದು ಒಂದು ದಿನ ಹೇಳಿದ ಗಂಡಸಲ್ಲ. ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಒಂದೇ ಮಾತಿನಲ್ಲಿ ಕೊಟ್ಟು ಹೋದ ಎಂದು ಅವಳಿಗೆ ಅನ್ನಿಸಿತು. ದುಃಖದ ಜೊತೆಗೆ ಸಣ್ಣ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಬೇಕು.

*

ಶೆಡ್ಡಿನ ಬಾಗಿಲಲ್ಲಿ, ನೀರಿಗಿಳಿಯುವ ಇಳಿಜಾರಿನ ತುದಿಯಲ್ಲಿ, ಮಗಳ ಬೋಟು ಟ್ರಾಲಿಯ ಮೇಲೆ ಸಿದ್ಧವಾಗಿ ನಿಂತಿತ್ತು. ಮಗಳು ಓಟದ ಬೋಟು ಓಡಿಸುವವಳು. ಹೊಸದಾಗಿ ಎರಡು ದೊಡ್ಡ ಎಂಜಿನ್ ಹಾಕಿಸಿದ್ದಳು. ಹಳೆಯ ಸ್ಟೇರಿಂಗು ಅವುಗಳ ಒತ್ತಡ ತಡೆಯುವುದಿಲ್ಲವೆಂದು ಅಪ್ಪ ಪಂಪು, ಪೈಪು, ಸಿಲಿಂಡರು, ಎಂಜಿನ್‌ಗಳನ್ನು ಜೋಡಿಸುವ ಸರಳು, ಎಲ್ಲವನ್ನೂ ಬದಲಾಯಿಸಿದ್ದ. ಅದೇ ಅವನ ಕೊನೆಯ ಕೆಲಸ. ಶವದ ವ್ಯಾನು ದಡದ ರಸ್ತೆಯಲ್ಲಿ ಹೋಗುವಾಗ ಪಕ್ಕದ ನೀರಿನಲ್ಲಿ ಮಗಳು ಆ ಬೋಟನ್ನು ಪೂರ್ತಿ ವೇಗದಲ್ಲಿ ಓಡಿಸಿ, ಕೊನೆಯ ತಿರುವಿನಲ್ಲಿ ದೊಡ್ಡದಾಗಿ ಸುತ್ತು ಹೊಡೆಯಬೇಕು ಎಂದು ಮಾತಾಗಿತ್ತು. ಅಪ್ಪನಿಗೆ ಅವಳ ಸಲಾಮು.

ಮಗಳು ಜಾಕೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು. ವೆಲ್ಡರ್ ಟ್ರಾಲಿಯ ಕೊಕ್ಕೆ ಬಿಚ್ಚಲು ಬಗ್ಗಿದವನು ಸುಮ್ಮನೆ ಮಾತಿಗೆಂದು ಕೇಳಿದ, "ಗಾಳಿ ಎಲ್ಲ ತೆಗೆದಾಗಿತ್ತು ತಾನೇ?"

"ಬಲಗಡೇದು ತೆಗೆದ್ವಿ, ಚಿಕ್ಕಪ್ಪ. ಚಕ್ರ ನಾನೇ ತಿರುಗಿಸಿದ್ದು. ಅಷ್ಟರಲ್ಲಿ ನಂಗೆ ಫೋನ್ ಬಂತು. 'ಹೋಗು, ಎಡಗಡೇದು ನಾನು ನೋಡ್ಕೋತೀನಿ' ಅಂದ್ರು ಅಪ್ಪ. ಬೆಳಿಗ್ಗೆ ಎದ್ದು ಬಂದ್ರೆ ಇಲ್ಲೇ ಬಿದ್ದಿದ್ರು."

"ನೋಡ್ಕೊಂಡಿರ್ತಾನೆ ಬಿಡು."

"ಈಗ ತಿರುಗಿಸಿ ನೋಡ್ದೆ, ಸರಿಯಾಗೇ ಇದೆ ಅನ್ಸುತ್ತೆ."

"ಹ್ಞೂಂ. ನಿಂತಲ್ಲಿ ಸರಿಯಾಗೇ ಇರುತ್ತೆ," ಎಂದ ವೆಲ್ಡರ್. ಕೊಕ್ಕೆಯ ಮೇಲಿದ್ದ ಕೈ ನಿಧಾನವಾಯಿತು.

ಬೆಂಚಿನ ಪಕ್ಕ ಕೂತಿದ್ದ ಹೆಂಡತಿಯ ಕಿವಿಗೆ ಬೇರೇನೂ ಬೀಳಲಿಲ್ಲ. ಗಾಳಿ ಎಂಬುದೊಂದೇ ಬಿತ್ತು.

*

ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಮುಂದೆ ಕೂತು ಚಕ್ರ ತಿರುಗಿಸಬೇಕು. ಇನ್ನೊಬ್ಬರು ಹಿಂದೆ ಸಿಲಿಂಡರಿನಿಂದ ಗಾಳಿ ಹೊರಬಿಡುವ ಸಣ್ಣ ತಿರುಪು, ಅಂದರೆ ನಿಪ್ಪಲ್, ಸಡಿಲಿಸಿ, ಅದಕ್ಕೆ ಸಿಕ್ಕಿಸಿದ ಟ್ಯೂಬಿನಲ್ಲಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಮದುವೆಯಾದ ಹೊಸತರಲ್ಲಿ ಒಂದು ದಿನ ಆಳು ಕೈಕೊಟ್ಟ. ಅವನು ಅವಳನ್ನು ಕರೆದು ಚಕ್ರದ ಮುಂದೆ ಕೂರಿಸಿದ.

"ಗಾಳಿ! ಬಿಡಬೇಡ!" ಎಂದು ಹಿಂದಿನಿಂದ ಕೂಗು ಬಂದಾಗ ಅವಳು ಬೆಚ್ಚಿ ಕೈ ಬಿಟ್ಟೇಬಿಟ್ಟಳು. ಹೊರಟಿದ್ದ ಗಾಳಿ ವಾಪಸು ಒಳಗೆ ಹೋಯಿತು. ಅವನು ಬೈಯಲಿಲ್ಲ. "ಮತ್ತೆ ಮೊದಲಿಂದ," ಎಂದ.

ಅಂದಿನಿಂದ ಆ ಸೀಟು ಅವಳದಾಯಿತು. ಒಬ್ಬರಿಗೊಬ್ಬರು ಬೆನ್ನು ಮಾಡಿಕೊಂಡೇ ಮನೆಯ ಮಾತೆಲ್ಲ ನಡೆಯಿತು. ಮಗಳ ಜ್ವರ, ಅವಳ ಶಾಲೆ, ಮಾವನ ಕಾಯಿಲೆ, ಎರಡನೆಯ ಮಗು ಉಳಿಯದೆ ಹೋದದ್ದು. ಮುಖ ಕೊಟ್ಟು ಮಾತಾಡಲು ಬಾರದ ಮನುಷ್ಯ ಬೆನ್ನಿಗೆ ಚೆನ್ನಾಗಿಯೇ ಮಾತಾಡುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಅವರದು ಗಾಳಿ ಹೋಗುವ ತನಕ. ಮಾತಿನ ನಡುನಡುವೆ ಆ ಕೂಗು: ಗಾಳಿ, ಬಿಡಬೇಡ.

ಮಗಳ ಬೋಟಿಗೆ ಮಾತ್ರ ಅವಳು ಕೂರಲಿಲ್ಲ. "ಅವಳಿಗೆ ಅಷ್ಟು ವೇಗ ಯಾಕೆ? ನಾನು ಬರಲ್ಲ," ಎಂದು ಮೇಲೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

*

ಕೊಕ್ಕೆ ಬಿಚ್ಚಿದ ಸದ್ದು ಕೇಳಿತು. ಅವಳು ಕೂತೇ ಇದ್ದಳು. ಒಂದೇ ಕ್ಷಣ, ಆದರೆ ಕೂತೇ ಇದ್ದಳು. ಬಾಯಿ ಬಿಟ್ಟರೆ ಆ ಮಾತು ತನ್ನದಾಗಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗೆ ಲೆಕ್ಕ ಹಾಕುತ್ತಿರುವುದು ತಿಳಿದ ಕೂಡಲೇ ಹೆದರಿ ಎದ್ದಳು.

"ನಿಲ್ಲಿಸಿ! ಬೋಟು ಇಳಿಸಬೇಡಿ!"

ಎಲ್ಲರೂ ತಿರುಗಿದರು.

"ನಿಮ್ಮಪ್ಪ ಹೇಳಿದ್ದು ಅದು. ಗಾಳಿ ಇದೆ, ಬಿಡಬೇಡ ಅಂತ. ಬೋಟು ಬಿಡಬೇಡ ಅಂತ. ನಾನು ಹೋಗಿ ಕಿಟಕಿ ಮುಚ್ಚಿದೆ."

ಎಲ್ಲರೂ ಒಟ್ಟಿಗೆ ಮಾತಾಡಿದರು. ಆಸ್ಪತ್ರೆ ಫ್ಯಾನಿನ ಗಾಳಿ ಇರಬಹುದು ಎಂದರು ಒಬ್ಬರು. ಪೈಪಲ್ಲಿ ಗಾಳಿ ಬಿಡಬೇಡ ಅಂತ ಇರಬೇಕು ಎಂದ ಪೇಂಟರ್. ಹುಡುಗೀನ ಓಟಕ್ಕೆ ಬಿಡಬೇಡ ಅಂತಾನೂ ಆಗಬಹುದು ಎಂದು ಇನ್ನಾರೋ ಸೇರಿಸಿದರು. ಪೆಟ್ಟಿಗೆಯಲ್ಲಿದ್ದವನು ಯಾರ ಪರವನ್ನೂ ವಹಿಸಲಿಲ್ಲ.

"ಅಂದ್ರೆ," ಎಂದಳು ನಾದಿನಿ, ನಿಧಾನವಾಗಿ, "ನಿಮಗೆ ಹೇಳಿದ್ದಲ್ವಾ ಅತ್ತಿಗೆ?"

"ಗೊತ್ತಿಲ್ಲಮ್ಮ. ನಂಗಲ್ಲ ಅನ್ಸುತ್ತೆ." ಬೋಟಿನ ಕಡೆ ಕೈ ತೋರಿದಳು. "ಬೋಟಿಗೆ ಹೇಳಿದ್ದು."

ವ್ಯಾನಿನ ಡ್ರೈವರ್ ಒಳಗೆ ಇಣುಕಿದ. "ಹೊರಡೋಣವಾ? ಅಲ್ಲಿ ಕಾಯ್ತಿರ್ತಾರೆ."

"ಕಾಯ್ಲಿ," ಎಂದ ವೆಲ್ಡರ್. "ಇವನೂ ಜೀವಮಾನ ಎಲ್ರನ್ನೂ ಕಾಯಿಸಿದ್ದೇ. ಯಾರಾದ್ರೂ ಚಕ್ರ ಹಿಡೀರಿ."

"ಬಾಮ್ಮ ಇತ್ಲಾಗೆ," ಎಂದು ಮಗಳನ್ನು ಸರಿಸಿ ತಾಯಿಯೇ ಏಣಿ ಹತ್ತಿದಳು. ಗಂಡ ಸತ್ತವಳು ಬೋಟು ಹತ್ತಬಾರದೆಂದು ಯಾರಿಗೂ ಹೇಳಲು ತೋಚಲಿಲ್ಲ.

ವೆಲ್ಡರ್ ಹಿಂದೆ ಬಾಟಲಿ ಇಟ್ಟು, ಟ್ಯೂಬು ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಕೂತ. ಹಾರ ತಂದವರು, ಕೊಡೆ ಹಿಡಿದವರು, ನಾದಿನಿ, ಪೇಂಟರ್, ಎಲ್ಲರೂ ಎಂಜಿನ್‌ಗಳ ಹಿಂದೆ ಗುಂಪಾಗಿ ನಿಂತು ಆ ಟ್ಯೂಬನ್ನೇ ನೋಡತೊಡಗಿದರು.

"ಎಡಕ್ಕೆ ತಿರುಗಿಸಿ ಅತ್ತಿಗೆ. ಕೊನೇವರೆಗೂ. ಹ್ಞಾಂ, ಈಗ ನಿಪ್ಪಲ್ ಬಿಚ್ತೀನಿ, ತಿರುಗಿಸ್ತಾನೇ ಇರಿ."

ಅವಳು ತಿರುಗಿಸುತ್ತಾ ಹೋದಳು. ಎಲ್ಲವೂ ಬೆನ್ನ ಹಿಂದೆ. ಗುಳ್ಳೆ ಬಂದರೆ ಅವನು ಸಾಯುವಾಗಲೂ ಮಗಳನ್ನು ಕಾಪಾಡಿದ ಅಪ್ಪನಾಗುತ್ತಾನೆ, ಅದೇನು ಸಣ್ಣದೇ? ಬರದಿದ್ದರೆ? ಬರಲಿ ಎಂದು ಬೇಡಿಕೊಳ್ಳಬೇಕೋ ಬಾರದಿರಲಿ ಎಂದೋ ಅವಳಿಗೆ ತಿಳಿಯಲಿಲ್ಲ. ಕೈ ಮಾತ್ರ ತಿರುಗಿಸುತ್ತಲೇ ಇತ್ತು.

"ಏನಾಯ್ತು?" ಎಂದಳು, ತಿರುಗಿ ನೋಡದೆ.

"ಏನಿಲ್ಲ."

"ಏನಿಲ್ಲ ಅಂದ್ರೆ?"

"ಗಾಳಿ ಇಲ್ಲ ಅತ್ತಿಗೆ. ಒಂದು ಗುಳ್ಳೆನೂ ಇಲ್ಲ."

"ಸರಿಯಾಗಿ ನೋಡು."

"ಬಾಟಲಿ ತುಂಬ್ತಾ ಬಂತು. ಬರೀ ಆಯಿಲ್ಲು. ಒಬ್ನೇ ಹಿಂದೂ ಮುಂದೂ ಅದು ಹೇಗೆ ಮಾಡಿದ್ನೋ, ಪೂರ್ತಿ ತೆಗೆದಿದಾನೆ."

ಮಗಳು ನಿಂತಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಬಲಗಡೆಯದನ್ನೂ ನೋಡಿದರು, ಅಲ್ಲೂ ಏನಿರಲಿಲ್ಲ.

"ಹಾಗಾದ್ರೆ ಅಣ್ಣ ಅಂದಿದ್ದೇನು?" ಎಂದು ನಾದಿನಿ ಕೇಳಿದಳು. ಬೋಟಿನಲ್ಲಿ ಗಾಳಿ ಇಲ್ಲವೆಂದು ಅವನಿಗಿಂತ ಚೆನ್ನಾಗಿ ತಿಳಿದವರು ಬೇರೆ ಯಾರೂ ಇರಲಿಲ್ಲ.

ಆ ಮಾತು ಬೋಟಿಗಲ್ಲವೆಂದು ಚಕ್ರದ ಮುಂದೆ ಕೂತವಳಿಗೆ ಸಂತೋಷವಾಯಿತು. ಇಂಥ ದಿನ, ಇಷ್ಟು ಜನರ ನಡುವೆ, ಮೈ ಬಿಸಿಯಾಗುವಷ್ಟು ಸಂತೋಷ. ನಿನ್ನೆಯಿಂದ ಅರ್ಧಕ್ಕೇ ನಿಲ್ಲುತ್ತಿದ್ದ ಅಳು ಈಗ ತಡೆಯಿಲ್ಲದೆ ಬಂತು.

ವೆಲ್ಡರ್ ನಿಪ್ಪಲ್ ಬಿಗಿದು ಕೈ ಒರೆಸಿಕೊಂಡ. "ಎರಡೂ ಮುಚ್ಚಿದೀನಿ. ಸಾಕು, ಇನ್ನು ಬಿಡಿ ಅತ್ತಿಗೆ."

ಅವಳು ಬಿಡಲಿಲ್ಲ. ಚಕ್ರವನ್ನು ಎಡಕ್ಕೆ ತಿರುಗಿಸಿದಳು. ಹಿಂದೆ ಎರಡು ಎಂಜಿನ್‌ಗಳೂ ಒಟ್ಟಿಗೆ ಒಂದು ಪಕ್ಕಕ್ಕೆ ಹೊರಳಿದವು. ಅಲ್ಲಿ ಹಾರ ಹಿಡಿದು ನಿಂತಿದ್ದವರು ಸರಿದು ಜಾಗ ಬಿಟ್ಟರು. ಬಲಕ್ಕೆ ತಿರುಗಿಸಿದಳು. ಎಂಜಿನ್‌ಗಳು ಈಚೆಗೆ ಬಂದವು, ಇತ್ತಲಿನವರು ಕೊಡೆ ಮಡಿಸಿ ಅತ್ತ ಸರಿದರು. ವ್ಯಾನಿನ ಡ್ರೈವರ್ ಗಾಡಿಯ ಎಂಜಿನ್ ಆರಿಸಿ ತಾನೂ ಬಂದು ನಿಂತ. ನೀರಿಲ್ಲದ ಕಡೆ, ಟ್ರಾಲಿಯ ಮೇಲೆ, ಚಕ್ರ ಮತ್ತೆ ಎಡಕ್ಕೆ ತಿರುಗತೊಡಗಿತು. ಗುಂಪಿಗೆ ಗುಂಪೇ ಇನ್ನೊಂದು ಸಲ ಸರಿಯಿತು.