ಹಸಿರು ತಂತಿ

ಯಾರ ಮನೆಯಲ್ಲೂ, ಯಾರು ಹೇಳಿದರೂ, ಅರ್ಥಿಂಗ್ ತಂತಿ ಕಳಚುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ಉಲ್ಲಾಸ ಹೆಂಡತಿ ಮಮತಾಳಿಗೆ ಮಾತು ಕೊಟ್ಟಿದ್ದು ಅವಳ ತಮ್ಮ ಉದಯನ ತಿಥಿಯೂಟದ ದಿನ. ಯಲ್ಲಾಪುರದ ಬಾಡಿಗೆ ಮನೆಯೊಂದರಲ್ಲಿ ಗೀಸರಿನ ಅರ್ಥಿಂಗನ್ನು ಯಾರೋ ಕಳಚಿಟ್ಟಿದ್ದರು. ಒದ್ದೆ ಕೈಯಲ್ಲಿ ನಲ್ಲಿ ಹಿಡಿದ ಉದಯ ಮತ್ತೆ ಏಳಲಿಲ್ಲ. ಆಗ ಉಲ್ಲಾಸನ ಮಗಳು ಅನುಶ್ರೀ ತೊಟ್ಟಿಲಲ್ಲಿದ್ದಳು. ಈಗ ಹೈಸ್ಕೂಲು.

ನಿನ್ನೆ ರಾತ್ರಿಯಿಡೀ ಅವಳಿಗೆ ಜ್ವರ, ಕೆಮ್ಮು. ಬೆಳಿಗ್ಗೆ ಸಿದ್ದಾಪುರದಲ್ಲೊಂದು ಪಂಪು ಎತ್ತಿ, ಇಳಿಸಿ, ಮಧ್ಯಾಹ್ನ ಶಿರಸಿಯ ಕಲ್ಯಾಣ ಮಂಟಪದ ಅಡುಗೆಮನೆಗೆ ಬಂದು ನಿಲ್ಲುವಷ್ಟರಲ್ಲಿ ಉಲ್ಲಾಸನ ಕಣ್ಣು ಖಾರ ಹಾಕಿದಂತೆ ಉರಿಯುತ್ತಿತ್ತು. ಗ್ರೈಂಡರ್ ಮುಟ್ಟಿದರೆ ಕೈ ಜುಂ ಎನ್ನುತ್ತದೆಂದು ಅಡುಗೆ ವಹಿಸಿಕೊಂಡ ಜಯಕ್ಕ ದೂರಿದ್ದಳು. ಮಂಟಪದ ಉಸ್ತುವಾರಿ ನೋಡಿಕೊಳ್ಳುವ ರಘುಪತಿ ಹೆಗಡೆ ಫೋನು ಮಾಡಿ ಕರೆಸಿದ್ದರು.

"ಎಲ್ಲರೂ ನಲ್ಲಿ ಬಿಡಿ, ಪಾತ್ರೆ ಬಿಡಿ. ನಾ ಹೇಳೂವರೆಗೆ ಕಬ್ಬಿಣದ್ದು ಎಂತದೂ ಮುಟ್ಬೇಡಿ," ಎಂದ ಉಲ್ಲಾಸ, ಕರೆಂಟು ಪರೀಕ್ಷಿಸುವ ಮೀಟರನ್ನು ಬ್ಯಾಗಿನಿಂದ ತೆಗೆಯುತ್ತ.

"ಮುಟ್ದೇ ಇದ್ರೆ ನಾಳೆ ಮದುವೆಗೆ ಬಂದವ್ರಿಗೆ ನಿನ್ನ ಮೀಟರನ್ನೇ ಬಡಿಸ್ಲಾ?" ಎಂದಳು ಜಯಕ್ಕ. ಎಂದರೂ ಸೌಟು ಇಟ್ಟು ಬಾಗಿಲಿಗೆ ಸರಿದಳು.

ಕರೆಂಟು ಎಲ್ಲಿಯಾದರೂ ಸೋರಿದರೆ ಕೂಡಲೇ ಬಿದ್ದು ಲೈನು ಕಡಿಯುವ ಟ್ರಿಪ್ಪರ್ ಗೋಡೆಯ ಮೇಲಿತ್ತು. ಅದನ್ನು ಪರೀಕ್ಷಿಸಲು ಮೀಟರ್ ಬೇಕೆಂದೇ ಚೂರು ಕರೆಂಟನ್ನು ಅರ್ಥಿಂಗಿಗೆ ಬಿಡುತ್ತದೆ. ಅರ್ಥಿಂಗ್ ಕೆಟ್ಟಿದ್ದರೆ ಆ ಕ್ಷಣ ಅದಕ್ಕೆ ತಾಗಿದ ಲೋಹವೆಲ್ಲ ಹೊಡೆಯುತ್ತದೆ. ಅದಕ್ಕೇ ಉಲ್ಲಾಸ ಮೊದಲು ಸಾಕೆಟ್ಟಿನ ಅರ್ಥಿಂಗ್ ನೋಡಿದ. ಸರಿ ಇತ್ತು. ಬಳಿಕ ಮೀಟರಿನ ಗುಂಡಿ ಒತ್ತಿದ. ಟಕ್ ಎಂದು ಟ್ರಿಪ್ಪರ್ ಬಿತ್ತು. ಇನ್ನೊಮ್ಮೆ ಒತ್ತಿದ, ಮತ್ತೆ ಬಿತ್ತು. ಅದರಲ್ಲಿ ಒಂದಿಷ್ಟೂ ಐಬಿರಲಿಲ್ಲ.

ಐಬಿದ್ದದ್ದು ಗ್ರೈಂಡರಿನ ಪ್ಲಗ್ಗಿನಲ್ಲಿ. ಅರ್ಥಿಂಗಿನ ದಪ್ಪ ಕಾಲನ್ನು ಯಾರೋ ಬುಡಕ್ಕೇ ಕೊಯ್ದಿದ್ದರು.

"ಇದನ್ನ ಕೊಯ್ದವ್ರು ಯಾರು ಜಯಕ್ಕ?"

"ಹೋದ ವರ್ಷ ಸುಮ್ಮನೆ ಕರೆಂಟು ಹೋಗ್ತಿತ್ತು ಮಾರಾಯ. ಕೊಯ್ದ ಮೇಲೆ ಒಂದಿನಾನೂ ಹೋಗ್ಲಿಲ್ಲ. ಮರದ ಮಣೆ ಮೇಲೆ ನಿಂತ್ಕಂಡು ಬೀಸಿದ್ರೆ ಆಯ್ತು. ನಿನ್ನೆ ಮಣೆನೇ ಒದ್ದೆಯಾಗಿತ್ತು."

ಅಡುಗೆಯವರ ಗುಂಪಿನಲ್ಲಿ ಇದೊಂದು ಪದ್ಧತಿಯೇ ಆಗಿಬಿಟ್ಟಿತ್ತು. ಸೌಟು ಜೋಡಿಸಿಕೊಂಡಂತೆ ಒಂದು ಮಣೆಯನ್ನೂ ಜೋಡಿಸಿಕೊಂಡು ಬರುತ್ತಿದ್ದರು.

ಉಲ್ಲಾಸ ಹೊಸ ಪ್ಲಗ್ ಹಾಕಿದ. ಸ್ವಿಚ್ ಒತ್ತಿದ್ದೇ ತಡ, ಟ್ರಿಪ್ಪರ್ ಬಿತ್ತು. ಪ್ಲಗ್ ಕಿತ್ತು ಬೇರೆ ಮೀಟರಿನಲ್ಲಿ ಮೋಟಾರು ನೋಡಿದ. ಒಳಗಿನ ತಂತಿಯ ಹೊದಿಕೆ ಹಾಳಾಗಿ ಕರೆಂಟು ಗ್ರೈಂಡರಿನ ಮೈಗೆ ಸೋರುತ್ತಿತ್ತು. ಬಿಸಿಲಿಗಿಟ್ಟು, ಬುಡಕ್ಕೆ ಬಲ್ಬು ಉರಿಸಿ ಒಣಗಿಸಿದರೂ ಅಷ್ಟೇ. ಮತ್ತೆ ಬಿತ್ತು. ಮೋಟಾರಿಗೆ ಹೊಸದಾಗಿ ತಂತಿ ಸುತ್ತಿಸಬೇಕು, ರಿಪೇರಿ ಅಂಗಡಿಯವನು ಫೋನಿನಲ್ಲಿ ನಾಲ್ಕು ದಿನ ಎಂದ. ಮದುವೆಯ ತಿಂಗಳು, ಊರಿನ ದೊಡ್ಡ ಗ್ರೈಂಡರೆಲ್ಲ ಒಂದೊಂದು ಚಪ್ಪರ ಸೇರಿದ್ದವು.

"ರಘಣ್ಣಾ, ಈಗ ಬೀಸ್ದೇ ಇದ್ರೆ ಹಿಟ್ಟು ಹುಳಿ ಬರ್ತಿಲ್ಲೆ. ಬೆಳಿಗ್ಗೆ ಆರ್ನೂರು ಜನಕ್ಕೆ ಆನು ಎಂತಾ ಬಡಸವು?" ಅಷ್ಟರಲ್ಲಿ ಬಂದ ಹೆಗಡೆಯವರತ್ತ ತಿರುಗಿದ ಜಯಕ್ಕನ ದನಿ ಈಗ ತಮಾಷೆಯದ್ದಲ್ಲ. ನೆನೆಸಿದ ಅಕ್ಕಿ, ಉದ್ದು ದೊಡ್ಡ ಕೊಳಗಗಳಲ್ಲಿ ಕಾದಿದ್ದವು.

ಹೆಗಡೆಯವರು ಉಲ್ಲಾಸನ ಹೆಗಲ ಮೇಲೆ ಕೈ ಇಟ್ಟರು. "ಮೊದ್ಲು ಹೆಂಗಿತ್ತೋ ಹಂಗೇ ಮಾಡಿಕೊಡು. ಮದುವೆ ಮುಗೀಲಿ, ಹೊಸಾದೇ ತರುವಾ."

"ಆಗೂದಿಲ್ಲ ಹೆಗಡೇರೆ."

"ನಿಂಗೆ ಆಗ್ದಿದ್ರೆ ಬೇರೆಯವ್ರನ್ನ ಕರೀಬೇಕಾಗ್ತದೆ. ಕಡೀಗೆ ಮಂಟಪದ ಕೆಲಸವೆಲ್ಲ ಅವ್ರಿಗೇ ಹೋದ್ರೆ ನನ್ನ ಬೈಬೇಡ."

ಸಿಟ್ಟಿನಲ್ಲಿ ಹೇಳಿದ ಮಾತಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ಬ್ಯಾಗು ಎತ್ತಿಕೊಂಡು ಹೋಗುವುದು ಸುಲಭವಿತ್ತು. ಮಳೆಗಾಲದಲ್ಲಿ ಬೇರೆಲ್ಲೂ ಕೆಲಸವಿಲ್ಲದಾಗ ಮನೆ ನಡೆಸಿದ್ದು ಈ ಮಂಟಪವೇ. ತಾನು ಹೋದರೆ ಬರುವವನು ಯಾರೆಂದೂ ಉಲ್ಲಾಸನಿಗೆ ಗೊತ್ತಿತ್ತು. ಆತ ಅರ್ಥಿಂಗನ್ನಷ್ಟೇ ಅಲ್ಲ, ಟ್ರಿಪ್ಪರನ್ನೂ ಬದಿಗೆ ಸರಿಸಿ ಲೈನು ಡೈರೆಕ್ಟ್ ಕೊಟ್ಟು ಹೋಗುವವನು.

ಉಲ್ಲಾಸ ನೆಲಕ್ಕೆ ಕುಕ್ಕರಿಸಿದ. ತಾನೇ ಬಿಗಿದ ಪ್ಲಗ್ಗನ್ನು ಬಿಚ್ಚಿದ. ಅರ್ಥಿಂಗಿನ ಹಸಿರು ತಂತಿಯ ಸ್ಕ್ರೂ ಸಡಿಲಿಸಿ, ತಂತಿಯನ್ನು ಹಿಂದಕ್ಕೆ ಮಡಚಿ, ಮೇಲೆ ಟೇಪು ಸುತ್ತಿದ. ಟ್ರಿಪ್ಪರ್ ಇದ್ದಲ್ಲೇ ಇತ್ತು. ಆದರೆ ಇನ್ನು ಅದು ಬೀಳುವುದು ಕರೆಂಟು ಯಾರದಾದರೂ ಮೈಯಲ್ಲಿ ಹರಿದ ಮೇಲೆಯೇ.

"ಇದನ್ನ ಯಾರೂ ಮುಟ್ಟೂದಲ್ಲ. ನಾನೇ ಬೀಸ್ತೆ," ಎಂದ.

"ಅಬ್ಬಾ! ನಿನ್ನ ಹೆಂಡ್ತಿ ಪುಣ್ಯವಂತೆ," ಎನ್ನುತ್ತ ಜಯಕ್ಕ ಒಣ ಮಣೆಯೊಂದನ್ನು ಕಾಲಿನಿಂದ ಅವನತ್ತ ತಳ್ಳಿದಳು.

ಮೊದಲ ಸುತ್ತಿನ ಉದ್ದು ನುಣ್ಣಗಾಗುತ್ತಿದ್ದಾಗ ಫೋನು ಬಂತು. ಗ್ರೈಂಡರ್ ನಿಲ್ಲಿಸಿ, ಪ್ಲಗ್ ಕಿತ್ತು, ಕೈ ಒರೆಸಿಕೊಂಡು ಎತ್ತಿದ.

"ಜ್ವರ ಇಳಿದದೆ. ಗಂಜಿ ಉಂಡು ಮಲಗಿದಾಳೆ," ಎಂದಳು ಮಮತಾ. "ನಿಮ್ದು ಇನ್ನೂ ಮುಗೀಲಿಲ್ವಾ?"

"ಹಿಟ್ಟು ಬೀಸಿ ಬರ್ತೆ."

"ನೀವಾ? ಹಿಟ್ಟು?" ಎರಡು ದಿನದ ಮೇಲೆ ಅವಳು ನಕ್ಕಿದ್ದು ಕೇಳಿಸಿತು. "ಮನೇಲಿ ಒಂದಿನ ಬೀಸಿದ್ದು ಕಾಣ್ಲಿಲ್ಲ!"

ಉಲ್ಲಾಸ ಹೂಂ ಎಂದು ಫೋನು ಕಿಸೆಗೆ ಹಾಕಿದ. ಪ್ಲಗ್ ಸಿಕ್ಕಿಸಿ, ಮಣೆ ಹತ್ತಿ ಸ್ವಿಚ್ ಒತ್ತಿದ. ಬಿಳಿ ಹಿಟ್ಟು ಕಲ್ಲಿನ ಸುತ್ತ ನಿಧಾನ ಏರತೊಡಗಿತು. ಮಮತಾಳಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.