ಪರಸ್ತೂವಿನ ಮೂಗಿಗೊಬ್ಬ ಡಾಕ್ಟರು

ವಾಲಿಬಾಲ್ ಅಭ್ಯಾಸದ ಹೊತ್ತಿನಲ್ಲಿ ಎದುರಿನವಳು ಬೀಸಿ ಹೊಡೆದ ಚೆಂಡು ನೇರವಾಗಿ ಪರಸ್ತೂವಿನ ಮುಖಕ್ಕೆ ಬಂದು ಬಡಿಯಿತು. ರಕ್ತ ನಿಂತಿತು, ಊತವೂ ಇಳಿಯಿತು. ಮೂಗು ಮಾತ್ರ ಎಡಕ್ಕೆ ವಾಲಿಕೊಂಡೇ ಉಳಿಯಿತು. ಒಂದು ಹೊಳ್ಳೆ ಮುಚ್ಚಿಹೋಗಿ, ನಾಲ್ಕು ಹೆಜ್ಜೆ ಓಡಿದರೆ ಬಾಯಲ್ಲಿ ಉಸಿರಾಡಬೇಕಾಗುತ್ತಿತ್ತು.

ಟೆಹರಾನಿನಲ್ಲಿ ಮೂಗು ಸರಿಮಾಡಿಸಿಕೊಳ್ಳುವುದು ದೊಡ್ಡ ಸುದ್ದಿಯೇನಲ್ಲ. ಮೂಗಿನ ಮೇಲೆ ಬಿಳಿ ಪಟ್ಟಿ ಅಂಟಿಸಿಕೊಂಡ ಹುಡುಗಿಯರು ಮೆಟ್ರೋದಲ್ಲಿ ದಿನಾ ಸಿಗುತ್ತಾರೆ. "ಹೇಗೂ ಮುರಿದಿದೆಯಲ್ಲ, ಇದೇ ನೆಪದಲ್ಲಿ ನಿಮ್ಮ ಮನೆತನದ ಆ ದಿಬ್ಬಾನೂ ತೆಗೆಸಿಬಿಡೆ" ಎಂದು ತಂಡದ ಗೆಳತಿಯರು ಕಿಚಾಯಿಸಿದರು. ಮೂಗಿನ ನಡುವೆ ಸಣ್ಣ ದಿಬ್ಬ ಆ ಮನೆಯವರಿಗೆಲ್ಲ ಇತ್ತು. ತೂರಾನ್ ಖಾಲೆಗಂತೂ ಅದು ದೂರದಿಂದಲೇ ಕಾಣುತ್ತಿತ್ತು.

ತೂರಾನ್ ಖಾಲೆ ಎಂದರೆ ಪರಸ್ತೂವಿನ ದೊಡ್ಡಮ್ಮ, ತಾಯಿಯ ಅಕ್ಕ. ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಡಾಕ್ಟರನ್ನು ಹುಡುಕುವ ಕೆಲಸಕ್ಕೆ ತಾವಾಗಿಯೇ ನಿಂತರು.

ಗೆಳತಿಯರು ಹೇಳಿದ ಕ್ಲಿನಿಕ್ಕಿಗೇ ಮೊದಲು ಹೋದರು. ಗೋಡೆ ತುಂಬ ಚೆಂದದ ಮುಖಗಳ ಫೋಟೋ. ಕೂರುವ ಮೊದಲೇ ಚಹಾ ಬಂತು, ಕೇಸರಿ ಹಾಕಿದ ಮಿಠಾಯಿ ಬಂತು. ಡಾಕ್ಟರು ಕಂಪ್ಯೂಟರಿನಲ್ಲಿ ಪರಸ್ತೂವಿಗೆ ಹೊಸ ಮೂಗು ಇಟ್ಟು ತೋರಿಸಿ, "ಎರಡು ವಾರ, ಅಷ್ಟೇ. ಆಮೇಲೆ ಏನ್ ಬೇಕಾದ್ರೂ ಮಾಡಿ" ಎಂದರು. ಪರಸ್ತೂ ಮನಸೋತೇಬಿಟ್ಟಳು.

ಖಾಲೆ ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಚಹಾ ಹೀರಿದರು. "ಡಾಕ್ಟರೇ, ತಾವು ಯಾವುದರಲ್ಲಿ ಸ್ಪೆಷಲಿಸ್ಟು?"

"ಸೌಂದರ್ಯದಲ್ಲಿ, ಖಾನಮ್," ಎಂದು ಡಾಕ್ಟರು ಅಮ್ಮಾವ್ರೇ ಎನ್ನುವ ಗೌರವದಲ್ಲಿ ಹೇಳಿದರು.

"ಸೌಂದರ್ಯ ನಮ್ಮ ಹೂಕುಂಡದ ಗುಲಾಬೀಲೂ ಇದೆ. ನಾನು ಕೇಳಿದ್ದು, ಸರ್ಜರಿ ಎಲ್ಲಿ ಕಲಿತ್ರಿ ಅಂತ."

ಡಾಕ್ಟರು ನಕ್ಕು, ಹೊರದೇಶದ ತರಬೇತಿಗಳ ಮಾತೆತ್ತಿದರು. ಪರಸ್ತೂವಿಗೆ ನಾಚಿಕೆಯಿಂದ ನೆಲದೊಳಗೆ ಇಳಿದುಹೋದಂತಾಯಿತು. ಖಾಲೆ ಅವರ ನೋಂದಣಿ ಸಂಖ್ಯೆ ಕೇಳಿಕೊಂಡು ಹೊರಗೆ ಬಂದವರೇ, ಬೀದಿಯಲ್ಲಿ ನಿಂತು ವೈದ್ಯ ಮಂಡಳಿಗೆ ಫೋನು ಮಾಡಿದರು. ಮಾತು ಮುಗಿಸಿ ತಲೆಯ ಬಟ್ಟೆ ಸರಿಮಾಡಿಕೊಂಡರು.

"ಡಾಕ್ಟರೇನೋ ಹೌದಂತೆ ಕಣೆ. ನೆಗಡಿಗೆ, ಜ್ವರಕ್ಕೆ. ಸರ್ಜರಿ ಓದೇ ಇಲ್ಲ."



ಆಮೇಲೆ ಖಾಲೆ ಮಂಡಳಿಯಲ್ಲಿ ವಿಚಾರಿಸದೆ ಯಾರ ಬಾಗಿಲನ್ನೂ ತಟ್ಟಲಿಲ್ಲ. ಹೋದಲ್ಲೆಲ್ಲ ಅವೇ ಪ್ರಶ್ನೆಗಳು: ಚಾಕು ಹಿಡಿಯೋರು ನೀವೇನಾ, ಬೇರೆಯವರಾ? ಅರಿವಳಿಕೆ ಕೊಡೋಕೆ ಯಾರಿರ್ತಾರೆ? ಎಡವಟ್ಟಾದ್ರೆ ಏನು ಗತಿ? ಕೆಲವರು ಉತ್ತರಿಸಿದರು, ಒಬ್ಬರು ರೇಗಿದರು. ಕೊನೆಗೆ ತಜ್ರೀಶ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಡಾಕ್ಟರ್ ಹೊಮೈರಾ ಸಿಕ್ಕರು. ಪ್ಲಾಸ್ಟಿಕ್ ಸರ್ಜರಿಯನ್ನೇ ಓದಿದವರು, ಖಾಲೆಯ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟವರು. ಕೂತರೆ ಕಿರುಗುಟ್ಟುವ ಕುರ್ಚಿಗಳು. ಗೋಡೆಯ ಮೇಲೆ ಒಂದೇ ಒಂದು ಮುಖವಿಲ್ಲ.

ಅವರು ಮೂಗಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಏನ್ ಮಾಡ್ಕೊಂಡಿದ್ದೀಯಮ್ಮ?"

"ವಾಲಿಬಾಲ್ ಆಡ್ತೀನಿ, ಖಾನಮ್ ಡಾಕ್ಟರ್. ಮುಂದಿನ ತಿಂಗಳು ಲೀಗ್ ಶುರು."

"ಹಾಗಾದ್ರೆ ಈಗ ಬೇಡ. ಮೂಳೆ ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಅದರ ಮಧ್ಯೆ ಇನ್ನೊಂದು ಚೆಂಡು ಬಿತ್ತು ಅಂದ್ರೆ ನನ್ನಿಂದಲೂ ಏನೂ ಮಾಡೋಕಾಗಲ್ಲ."

"ಎರಡೇ ವಾರ ಸಾಕು ಅಂದ್ರು ಒಬ್ಬರು!"

"ಅಂದಿರ್ತಾರೆ." ಅವರು ಡ್ರಾಯರಿನಿಂದ ಒಂದು ಫೋಟೋ ತೆಗೆದರು. ಕಣ್ಣು ಮರೆಮಾಡಿದ ಮುಖ, ಒಂದು ಬದಿಗೆ ಕುಸಿದ ಮೂಗು. "ಇದು ನನ್ನ ಕೈಯಲ್ಲೇ ಆದದ್ದು. ಎರಡನೇ ಸಲ ಮಾಡಿ ಸರಿಪಡಿಸಿದೆ. ತೋರಿಸಿ ಅಂತ ಆ ಹುಡುಗಿಯೇ ಹೇಳಿದ್ದಾಳೆ. ನೋಡಿ, ಆಮೇಲೆ ಯೋಚನೆ ಮಾಡಿ."

ಖಾಲೆ ಬಾಯಿಯ ತನಕ ಬಂದಿದ್ದ, ಎಡವಟ್ಟಾದರೆ ಎಂಬ ಕೊನೆಯ ಪ್ರಶ್ನೆಯನ್ನು ನುಂಗಿಕೊಂಡರು.

"ಕೇಳದೇನೇ ತೋರಿಸಿದ್ರಲ್ಲೇ!" ಎಂದರು ಮೆಟ್ಟಿಲಿಳಿಯುತ್ತ. "ಸರಿ, ನನ್ನ ಕೆಲಸ ಮುಗೀತು. ಮೂಗು ನಿನ್ನದು, ತೀರ್ಮಾನಾನೂ ನಿನ್ನದೇ."

ಬೇಗ ಮಾಡಿಕೊಡುವವರ ನಂಬರುಗಳನ್ನು ಗೆಳತಿಯರು ಕಳಿಸುತ್ತಲೇ ಇದ್ದರು. ಕನ್ನಡಿ ಕಂಡಾಗಲೆಲ್ಲ ಪರಸ್ತೂವಿನ ಮನಸ್ಸು ಹೊಯ್ದಾಡಿತು. ಆದರೆ ಆ ಕುಸಿದ ಮೂಗೂ, ಅದನ್ನು ಮುಚ್ಚಿಡದ ಡಾಕ್ಟರೂ ಕಣ್ಣ ಮುಂದಿನಿಂದ ಸರಿಯಲಿಲ್ಲ. ಸೊಟ್ಟ ಮೂಗಿನಲ್ಲೇ, ಬಾಯಿ ತೆರೆದು ಏದುಸಿರು ಬಿಡುತ್ತ ಲೀಗ್ ಪೂರ್ತಿ ಆಡಿದಳು. ಮುಗಿದ ವಾರವೇ ತಾನಾಗಿ ತಜ್ರೀಶಿಗೆ ಹೋದಳು.

"ನೆಟ್ಟಗೆ ಮಾಡ್ತೀನಿ, ಉಸಿರಿನ ದಾರಿ ಬಿಡಿಸ್ತೀನಿ. ದಿಬ್ಬ?" ಎಂದು ಹೊಮೈರಾ ಕೇಳಿದರು.

ಪರಸ್ತೂ ದಿಬ್ಬವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. "ಇರಲಿ ಬಿಡಿ. ಅದರಿಂದ ನನಗೇನೂ ತೊಂದರೆ ಇಲ್ಲ."

ದೊಡ್ಡ ಆಸ್ಪತ್ರೆಯಲ್ಲಿ, ಅರಿವಳಿಕೆಯ ಡಾಕ್ಟರನ್ನು ಪಕ್ಕದಲ್ಲಿಟ್ಟುಕೊಂಡು, ಹೊಮೈರಾ ತಾವೇ ಶಸ್ತ್ರಚಿಕಿತ್ಸೆ ಮಾಡಿದರು. ಪಟ್ಟಿ ಬಿಚ್ಚಿದ ದಿನ ಒಂದೊಂದೇ ಹೊಳ್ಳೆ ಒತ್ತಿ ಉಸಿರೆಳೆಯಲು ಹೇಳಿದರು. ಗಾಳಿ ಎರಡೂ ಕಡೆ ಸಲೀಸಾಗಿ ಓಡಿತು. ಹೊಮೈರಾ ಖಾಲೆಯ ಕಡೆ ತಿರುಗಿದರು.

"ಖಾನಮ್, ನನ್ನ ಪರೀಕ್ಷೆ ತಗೊಂಡ ಪ್ರೊಫೆಸರುಗಳೂ ನಿಮ್ಮಷ್ಟು ಪ್ರಶ್ನೆ ಕೇಳಿರಲಿಲ್ಲ."

"ಅವರ ತಂಗಿ ಮಗಳ ಮೂಗಾಗಿರಲಿಲ್ಲವಲ್ಲ!" ಎಂದರು ಖಾಲೆ. ಹಾಗೆನ್ನುತ್ತಲೇ ಎದ್ದು ಆ ಡಾಕ್ಟರ ಎರಡೂ ಕೆನ್ನೆಗೆ ಮುತ್ತಿಟ್ಟರು.

ಹೊರಗೆ ಬಂದಾಗ ಬೀದಿ ಮೂಲೆಯ ಅಂಗಡಿಯಲ್ಲಿ ಬಿಸಿ ರೊಟ್ಟಿ ತೆಗೆಯುತ್ತಿದ್ದರು. ಅದರ ಪರಿಮಳ ಪರಸ್ತೂವಿಗೆ ಬಹಳ ದೂರದಿಂದಲೇ ಬಂತು.